ಉತ್ತರ ಗೊತ್ತಿದ್ದ ಪರೀಕ್ಷೆ

ಹರಿಹರದ ಖಾಸಗಿ ಹೈಸ್ಕೂಲೊಂದರಲ್ಲಿ ಆಶಾರಾಣಿ ವಿಜ್ಞಾನ ಕಲಿಸುತ್ತಿದ್ದಷ್ಟು ವರ್ಷವೂ, ಪರೀಕ್ಷೆಯ ದಿನ ಅವಳು ಯಾವ ಕೋಣೆಗೆ ಬರುತ್ತಾಳೆ ಎಂದು ಮಕ್ಕಳು ಮೊದಲೇ ವಿಚಾರಿಸಿಕೊಳ್ಳುತ್ತಿದ್ದರು. ಅವಳು ಬೈಯುತ್ತಿರಲಿಲ್ಲ, ಹೊಡೆಯುತ್ತಲೂ ಇರಲಿಲ್ಲ. ಹಿಂದಿನ ಗೋಡೆಗೆ ಒರಗಿ ಸುಮ್ಮನೆ ನಿಂತುಬಿಡುತ್ತಿದ್ದಳು. ಕಾಪಿ ಹೊಡೆಯುವ ಮಗುವಿನ ಕತ್ತು ಉಳಿದವರ ಕತ್ತಿನಂತೆ ಅತ್ತಿತ್ತ ಆಡುವುದಿಲ್ಲ, ಕೀಲಿ ಹಾಕಿದಂತೆ ನಿಂತಿರುತ್ತದೆ ಎಂಬುದು ಅವಳು ತಾನೇ ಕಂಡುಕೊಂಡಿದ್ದ ವಿಷಯ. ಹಾಗೆ ನಿಂತ ಕತ್ತಿನ ಹತ್ತಿರ ಹೋಗಿ ಕೈ ಚಾಚಿದರೆ ಸಾಕು, ಚೀಟಿ ಅಂಗೈಗೆ ಬಂದು ಬೀಳುತ್ತಿತ್ತು.

ಶಾಲೆಯನ್ನು ಹೊಸ ಆಡಳಿತದವರು ಕೊಂಡುಕೊಂಡು ತಮ್ಮದೇ ಶಿಕ್ಷಕರನ್ನು ತಂದರು. ಹಳಬರಿಗೆಲ್ಲ ಕೈಮುಗಿದು ಶಾಲು ಹೊದಿಸಿ ಕಳಿಸಿದರು. ಆಶಾರಾಣಿಗೆ ಆಗ ನಲವತ್ತಕ್ಕೆ ಹತ್ತಿರ. ದಾವಣಗೆರೆಯ ನಾಲ್ಕಾರು ಶಾಲೆಗಳಿಗೆ ಅಲೆದಳು. ಎಲ್ಲ ಕಡೆಯೂ ಆಗತಾನೇ ಬಿ.ಎಡ್. ಮುಗಿಸಿದ ಹುಡುಗಿಯರು ಕೂತಿದ್ದರು. ಒಂದು ಸಂಜೆ ಅವಳ ಗಂಡ ಕಾಂತರಾಜ್, ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ಕೌಂಟರ್ ನೋಡಿಕೊಳ್ಳುವವನು, ಗಿರಾಕಿಯೊಬ್ಬರಿಂದ ಸುದ್ದಿ ತಂದ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿದ್ದ ತಮ್ಮ ಮನೆಯಿಂದ ಎರಡು ಬೀದಿ ಆಚೆಗೆ, ಬೇಕರಿಯ ಮಹಡಿಯ ಮೇಲೆ ಪ್ರಶಾಂತ ಎನ್ನುವವರು ಕಂಪ್ಯೂಟರ್ ಇನ್‌ಸ್ಟಿಟ್ಯೂಟ್ ನಡೆಸುತ್ತಾರೆ. ಆರು ತಿಂಗಳು ಕಲಿತು ಕಂಪನಿಯವರ ಆನ್‌ಲೈನ್ ಪರೀಕ್ಷೆ ಪಾಸಾದರೆ ಸರ್ಟಿಫಿಕೇಟ್ ಸಿಗುತ್ತದೆ, ಅದನ್ನು ತೋರಿಸಿದರೆ ಕೆಲಸ.

"ಕಂಪ್ಯೂಟರ್ ರಿಪೇರಿನಾ?" ಎಂದು ಅತ್ತೆ ನಾಗರತ್ನಮ್ಮ ಕೇಳಿದಳು.

"ರಿಪೇರಿ ಅಲ್ಲಮ್ಮ, ಐ.ಟಿ. ಸಪೋರ್ಟು. ಯಾರ್ದಾದ್ರೂ ಕಂಪ್ಯೂಟರ್ ಕೆಟ್ರೆ ಫೋನ್ ಮಾಡ್ತಾರೆ, ಹಿಂಗೆ ಮಾಡ್ರಿ ಹಂಗೆ ಮಾಡ್ರಿ ಅಂತ ಇವಳು ಹೇಳ್ಬೇಕು. ಹೇಳಿಕೊಡೋದು ಇವಳಿಗೇನು ಹೊಸದಾ?"

ಆ ಮಾತು ಆಶಾರಾಣಿಗೆ ಹಿಡಿಸಿತು. ಆದರೆ ಹೇಳಿಕೊಡುವುದು ಬೇರೆ, ಹೇಳಿಸಿಕೊಳ್ಳುವುದು ಬೇರೆ ಎಂದು ಮೊದಲ ವಾರದಲ್ಲೇ ಗೊತ್ತಾಯಿತು. ತರಗತಿಯಲ್ಲಿದ್ದವರೆಲ್ಲ ಇಪ್ಪತ್ತರ ಆಸುಪಾಸಿನವರು. ನೆಟ್‌ವರ್ಕ್ ಪಾಠ ಶುರುವಾದಾಗ ಅವಳಿಗೆ ಅರ್ಧಕ್ಕರ್ಧ ತಲೆಗೆ ಹೋಗಲಿಲ್ಲ. ಎದ್ದು ಕೇಳಬಹುದಿತ್ತು. ಇಷ್ಟು ವರ್ಷ "ಗೊತ್ತಾಗದಿದ್ರೆ ಕೇಳ್ರಪ್ಪ, ನಾಚಿಕೆ ಯಾಕ" ಎಂದು ಮಕ್ಕಳಿಗೆ ಹೇಳುತ್ತಾ ಬಂದವಳಿಗೆ ಕೈ ಎತ್ತಲು ನಾಚಿಕೆಯಾಯಿತು. ಪ್ರಶಾಂತ "ಏನ್ ಮೇಡಂ, ಅರ್ಥ ಆಯ್ತಾ?" ಎಂದು ಅವಳನ್ನೇ ನೋಡಿ ಕೇಳಿದರೆ ತಲೆಯಾಡಿಸುತ್ತಿದ್ದಳು.

ಪರೀಕ್ಷೆ ವಿದ್ಯಾನಗರದ ಒಂದು ಸೆಂಟರಿನಲ್ಲಿ ನಡೆಯಿತು. ಕೊನೆಯ ಪ್ರಶ್ನೆ ಮುಗಿಸಿ ಗುಂಡಿ ಒತ್ತಿದ ಕೂಡಲೇ ಪರದೆಯ ಮೇಲೆ ಫಲಿತಾಂಶ ಬಂತು. ಫೇಲು. ಮನೆಗೆ ಬಂದು, "ಸರ್ವರ್ ಡೌನ್ ಆಯ್ತು, ಪರೀಕ್ಷೆ ಮುಂದಕ್ಕೆ ಹೋಗೈತೆ" ಎಂದಳು. ಅಷ್ಟು ಸಲೀಸಾಗಿ ಸುಳ್ಳು ಹೊರಟಿದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು.

ಪ್ರಶಾಂತನಿಗೆ ನಿಜ ಗೊತ್ತಿತ್ತು. ಅವನು ಬೇಸರ ಮಾಡಿಕೊಳ್ಳಲಿಲ್ಲ. ಮರುದಿನ ಅವಳ ಫೋನಿಗೆ ಒಂದು ಫೈಲು ಕಳಿಸಿದ. ಅದನ್ನು ಆ ವಲಯದಲ್ಲಿ ಡಂಪ್ ಅನ್ನುತ್ತಾರೆ. ಪರೀಕ್ಷೆ ಬರೆದು ಬಂದವರು ನೆನಪಿಟ್ಟುಕೊಂಡು ಹೊರಗೆ ತಂದ ಪ್ರಶ್ನೆಗಳು, ಕೆಳಗೆ ಸರಿಯುತ್ತರ. ಹೊಸ ಪ್ರಶ್ನೆ ಬರುವವರೆಗೂ ಅದೇ ಪ್ರಶ್ನೆಗಳು ತಿರುತಿರುಗಿ ಬರುತ್ತಿರುತ್ತವೆ.

"ಇದು ಕ್ವೆಶ್ಚನ್ ಪೇಪರ್ ಔಟ್ ಆದಂಗಲ್ವಾ?" ಎಂದು ಅವಳು ಫೋನಿನಲ್ಲೇ ಕೇಳಿದಳು.

"ಮೇಡಂ, ಎಲ್ರೂ ಓದೋದು ಇದನ್ನೇ. ಗೈಡ್ ಅನ್ಕೊಳ್ರಿ. ಹದಡಿ ರಸ್ತೆ ಕಂಪನಿಯೋರು ಈ ತಿಂಗಳಲ್ಲೇ ಜನ ತಗೊಳ್ತಾರೆ, ಆಮೇಲೆ ನನ್ನ ಕೇಳಬ್ಯಾಡ್ರಿ."

ಎರಡು ದಿನ ಅವಳು ಆ ಫೈಲು ತೆರೆಯಲಿಲ್ಲ. ಮೂರನೆಯ ದಿನ ಅಡುಗೆಮನೆಯಲ್ಲಿ ಅನ್ನಕ್ಕೆ ಇಟ್ಟು, ಬಾಗಿಲು ಅರ್ಧ ಮುಂದೆ ಮಾಡಿ ತೆರೆದಳು. ಆಮೇಲೆ ದಿನವೂ ತೆರೆದಳು. ವಿಜ್ಞಾನ ಕಲಿಸಿದವಳ ನೆನಪಿನ ಶಕ್ತಿ ಚೆನ್ನಾಗಿತ್ತು. ಪ್ರಶ್ನೆಯ ಮೊದಲ ಸಾಲು ಕಂಡರೆ ಸಾಕು, ಉತ್ತರದ ಅಕ್ಷರ ನಾಲಿಗೆಗೆ ಬರುವಂತಾಯಿತು.

ಎರಡನೆಯ ಸಲ ಪರೀಕ್ಷೆಗೆ ಕೂತಾಗ ಪ್ರಶ್ನೆಗಳು ಅಕ್ಷರವೂ ಬದಲಾಗದೆ ಬಂದವು. ಅರ್ಧ ಸಮಯದಲ್ಲೇ ಎಲ್ಲ ಮುಗಿಯಿತು. ಆದರೆ ಅಷ್ಟು ಬೇಗ ಏಳಲು ಧೈರ್ಯವಾಗಲಿಲ್ಲ. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದ ಹುಡುಗಿಗೆ ಅನುಮಾನ ಬರದಿರಲೆಂದು ಗಲ್ಲಕ್ಕೆ ಕೈಕೊಟ್ಟು ಯೋಚಿಸುವವಳಂತೆ ಕೂತಳು. ಕೂತಿದ್ದ ಹಾಗೆಯೇ ಒಮ್ಮೆ ತನ್ನ ಕತ್ತು ಹೇಗೆ ನಿಂತಿದೆ ಎಂಬುದು ಅರಿವಿಗೆ ಬಂತು. ಬೇಕೆಂದೇ ಅದನ್ನು ಅತ್ತಿತ್ತ ಆಡಿಸಿದಳು. ಹಾಗೆ ಆಡಿಸಿದ ಆ ಗಳಿಗೆಯಲ್ಲಿ ಆದಷ್ಟು ಹೇಸಿಗೆ ಅವಳಿಗೆ ತನ್ನ ಬಗ್ಗೆ ಹಿಂದೆಂದೂ ಆಗಿರಲಿಲ್ಲ.

ಪಾಸಾಯಿತು. ಕೆಲಸವೂ ಸಿಕ್ಕಿತು. ಕಾಂತರಾಜ್ ಪೇಡೆ ತಂದ. ಪ್ರಶಾಂತ ಅವಳ ಫೋಟೋ ತೆಗೆಸಿಕೊಂಡು ಹೋದವನು ವಾರದೊಳಗೆ ಬೇಕರಿಯ ಮೇಲೆ ದೊಡ್ಡ ಫ್ಲೆಕ್ಸ್ ಕಟ್ಟಿಸಿದ. ‘ಕಲಿಯಲು ವಯಸ್ಸು ಅಡ್ಡಿಯಲ್ಲ. ನಮ್ಮ ಹೆಮ್ಮೆಯ ವಿದ್ಯಾರ್ಥಿನಿ ಶ್ರೀಮತಿ ಆಶಾರಾಣಿ, ಮೊದಲ ಪ್ರಯತ್ನದಲ್ಲೇ ತೇರ್ಗಡೆ.’ ನಾಗರತ್ನಮ್ಮ ಕಟ್ಟೆಯ ಮೇಲೆ ಕೂಡುವ ಗೆಳತಿಯರನ್ನೆಲ್ಲ ಕರೆದುಕೊಂಡು ಹೋಗಿ ತೋರಿಸಿ ಬಂದಳು. ಆಶಾರಾಣಿ ಮಾತ್ರ ಬಸ್ ಹಿಡಿಯಲು ಹಿಂದಿನ ಗಲ್ಲಿಯಿಂದ ಸುತ್ತಿಕೊಂಡು ಹೋಗತೊಡಗಿದಳು.

ಅವಳ ಕಂಪನಿ ಸುತ್ತಲಿನ ಸಹಕಾರ ಸಂಘಗಳ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಿತ್ತು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತರೆ ಒಂದರ ಹಿಂದೊಂದು ಫೋನು. ಮೊದಲ ವಾರ ಹದಡಿಯ ಸಂಘದಿಂದ ಗುಮಾಸ್ತ ಸಣ್ಣಬೀರಪ್ಪ ಫೋನ್ ಮಾಡಿದ. "ಮೇಡಂ, ನೆಟ್ ಬರವಲ್ದು. ಜನ ಸಾಲಾಗಿ ನಿಂತಾರೆ." ಅವಳು ಅದೂ ಇದೂ ಕೇಳಿ, ಅವನ ಪರದೆಯ ಮೇಲಿದ್ದ ಅಂಕಿಗಳನ್ನು ಓದಿಸಿದಳು. ಅವನು ಓದಿದ ಅಂಕಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದೇ ಅಂಕಿಯಿದ್ದ ಪ್ರಶ್ನೆಗೆ ಉತ್ತರ ‘ಸಿ’. ‘ಸಿ’ ಅಂದರೆ ಏನು, ಅದು ಬಂದರೆ ಏನು ಮಾಡಬೇಕು ಎಂಬುದು ಮಾತ್ರ ಗೊತ್ತಿರಲಿಲ್ಲ. ಆ ಕಡೆ ಸಣ್ಣಬೀರಪ್ಪ ಕಾಯುತ್ತಿದ್ದ, ಅವನ ಹಿಂದೆ ಜನರ ಗದ್ದಲ ಕೇಳುತ್ತಿತ್ತು. ಪಕ್ಕದ ಕುರ್ಚಿಯ ರೇವಂತ್ ಅವಳ ಮುಖ ನೋಡಿ, ಆ ಕರೆಯನ್ನು ತನ್ನ ಕಡೆ ಎಳೆದುಕೊಂಡು ಮುಗಿಸಿಕೊಟ್ಟ. ಆಮೇಲೆ ಆ ವಿಷಯ ಎತ್ತಲೂ ಇಲ್ಲ. ಎತ್ತಿದ್ದರೆ ಚೆನ್ನಾಗಿತ್ತು ಅನಿಸಿತು ಅವಳಿಗೆ.

ಅವಳು ಕೆಲಸ ಕಲಿಯಲಿಲ್ಲ ಎಂದಲ್ಲ. ಬೈಸಿಕೊಂಡು, ಹುಡುಕಿ, ನೋಡಿ ನೋಡಿ ನಿಧಾನಕ್ಕೆ ಕಲಿತಳು. ನಾಲ್ಕು ತಿಂಗಳು ಕಳೆಯುವ ಹೊತ್ತಿಗೆ ಹೆಚ್ಚಿನ ಕರೆಗಳನ್ನು ತಾನೇ ಮುಗಿಸುತ್ತಿದ್ದಳು. ಅಷ್ಟಕ್ಕೇ ನಿಂತಿದ್ದರೆ ಇದೂ ಹತ್ತರಲ್ಲಿ ಒಂದಾಗಿ ಮರೆತುಹೋಗುತ್ತಿತ್ತೋ ಏನೋ.

ಒಂದು ಭಾನುವಾರ ಖತೀಜಾಬೀ ಮನೆಗೆ ಬಂದಳು. ಅವಳ ಮಗಳು ಆಶಾರಾಣಿಯ ಹತ್ತಿರ ಓದಿದವಳು; ಹಾಗಾಗಿ ಪರಿಚಯ. ಗಂಡ ತೀರಿಕೊಂಡ ಮೇಲೆ ಖತೀಜಾಬೀ ಹರಿಹರದ ಕೋರ್ಟಿನ ಎದುರು, ಅಣ್ಣ ಅಬ್ದುಲ್ ರಹೀಮನ ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ, ಅಫಿಡವಿಟ್ಟು ಟೈಪ್ ಮಾಡಿಕೊಡುತ್ತಿದ್ದಳು. ಯಾರದೋ ಮದುವೆಗೆಂದು ನಿಟ್ಟುವಳ್ಳಿಗೆ ಬಂದಾಗ ಫ್ಲೆಕ್ಸ್ ನೋಡಿದ್ದಳಂತೆ.

"ಆಟೋದಾಗಿಂದ ನೋಡಿದೆ ಟೀಚರ್. ಇಳಿದು ಇನ್ನೊಂದ್ಸಲ ನೋಡಿದೆ. ಅಣ್ಣನ ಅಂಗಡೀಲಿ ಎಷ್ಟು ದಿನ ಅಂತ ಇರ್ಲಿ? ನಮ್ಮಂಥೋರಿಗೂ ಆಗುತ್ತಾ ಇದು?"

ಆಗಲೇ ಹೇಳಬಹುದಿತ್ತು. ಆದರೆ ಖತೀಜಾಬೀ ಕುರ್ಚಿಯ ತುದಿಯಲ್ಲಿ ಕೂತು, ಹಿಂದೆ ಪೋಷಕರ ಸಭೆಯಲ್ಲಿ ನೋಡುತ್ತಿದ್ದ ಅದೇ ಗೌರವದಿಂದ ನೋಡುತ್ತಿದ್ದಳು. ಅಂಥ ನೋಟ ಕಂಡು ಆಶಾರಾಣಿಗೆ ಬಹಳ ದಿನವಾಗಿತ್ತು. ಒಳಗೆ ಚಹಾ ಸೋಸುತ್ತಿದ್ದ ನಾಗರತ್ನಮ್ಮನಿಗೂ ಕೇಳುವಂತೆ, "ಯಾಕ ಆಗಲ್ಲ? ಶ್ರದ್ಧೆಯಿಂದ ಓದಿದ್ರೆ ಆಗೇ ಆಗುತ್ತೆ. ಸೇರ್ರಿ" ಎಂದಳು.

ಖತೀಜಾಬೀ ಸೇರಿದಳು. ಬೆಳಗ್ಗೆ ಹರಿಹರದಿಂದ ಬಸ್ಸಿನಲ್ಲಿ ಬಂದು ತರಗತಿ ಮುಗಿಸಿ, ಮಧ್ಯಾಹ್ನ ಹೋಗಿ ಅಂಗಡಿಯಲ್ಲಿ ಕೂಡುತ್ತಿದ್ದಳು. ಅರ್ಥವಾಗದಿದ್ದರೆ ಕೈ ಎತ್ತುತ್ತಿದ್ದಳಂತೆ, ಹುಡುಗರು ನಕ್ಕರೂ ಬಿಡುತ್ತಿರಲಿಲ್ಲವಂತೆ, ಪ್ರಶಾಂತನೇ ಹೇಳಿದ. ಪರೀಕ್ಷೆ ಬರೆದಳು. ಫೇಲಾದಳು.

ಆ ದಿನ ಸಂಜೆಯೇ ಫೋನ್ ಮಾಡಿದಳು. ದನಿ ಬಿದ್ದುಹೋಗಿತ್ತು. "ಟೀಚರ್, ನೀವು ಮೊದಲ್ನೇ ಸಲಾನೇ ಪಾಸಾದ್ರಿ. ನಾನು ಎಲ್ಲಿ ತಪ್ಪಿದೆ ಗೊತ್ತಾಗವಲ್ದು. ನೀವು ಹೆಂಗೆ ಓದಿದ್ರಿ, ಅದನ್ನ ಹೇಳ್ರಿ."

ಆಶಾರಾಣಿ ಆಫೀಸಿನಿಂದ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಬಾಗಿಲಲ್ಲಿ ನಿಂತೇ ಹೇಳಿದಳು. "ಬೆಳಗಿನ ಜಾವ ಎದ್ದು ಓದ್ರಿ. ಸುಮ್ನೆ ಓದಿದ್ರೆ ನಿಲ್ಲಲ್ಲ, ಬರೆದು ಬರೆದು ಕಲೀಬೇಕು. ಮನಸ್ಸು ಬೇರೆ ಕಡೆ ಹೋಗಬಾರ್ದು."

"ಹೂಂ ಟೀಚರ್. ನಂದೇ ಮನಸ್ಸು ಸರಿಯಿಲ್ಲ, ಅಂಗಡಿ ಚಿಂತೆ. ಬರೆದೇ ಕಲೀತೀನಿ."

ಫೋನ್ ಇಟ್ಟ ಮೇಲೆ ಆಶಾರಾಣಿ ಊಟ ಮಾಡಲಿಲ್ಲ, ತಲೆನೋವು ಎಂದಳು. ಅಡುಗೆಮನೆಯ ಕದ ಮುಂದೆ ಮಾಡಿ ಫೈಲು ಓದಿದ್ದರ ನಾಚಿಕೆ ಒಂದು ತೂಕದ್ದಾದರೆ ಇದು ಬೇರೆಯೇ ತೂಕದ್ದು. ಅದು ತನ್ನೊಬ್ಬಳದಾಗಿತ್ತು. ಈಗ ಇನ್ನೊಬ್ಬಳು ಹೆಂಗಸು ಇವಳ ಮಾತು ನಂಬಿ, ಜಾವದಲ್ಲೆದ್ದು, ತನ್ನ ತಲೆಯೇ ಸರಿಯಿಲ್ಲವೆಂದು ಬೈದುಕೊಳ್ಳುತ್ತಾ ಬರೆಯುತ್ತಿದ್ದಳು. ನಾಳೆ ಹೇಳುತ್ತೇನೆ, ಭಾನುವಾರ ಹೇಳುತ್ತೇನೆ ಎನ್ನುತ್ತಾ ಎರಡು ತಿಂಗಳು ಹೋಯಿತು.

ಒಂದು ಅಮಾವಾಸ್ಯೆಯ ದಿನ ಕಂಪನಿಯವರು ಅವಳನ್ನು ಹರಿಹರದ ಸಂಘಕ್ಕೆ ಪ್ರಿಂಟರ್ ಕೂಡಿಸಿ ಬರಲು ಕಳಿಸಿದರು. ಉಕ್ಕಡಗಾತ್ರಿಗೆ ಹೋಗುವ ಭಕ್ತರಿಂದ ಬಸ್ಸು ತುಂಬಿತ್ತು, ನಿಂತುಕೊಂಡೇ ಹೋದಳು. ಕೆಲಸ ಬೇಗ ಮುಗಿಯಿತು. ಇವತ್ತು ಹೇಳಿಯೇಬಿಡೋಣ ಎಂದು ಕೋರ್ಟಿನ ಎದುರಿಗೆ ಬಂದಳು.

ಖತೀಜಾಬೀ ಟೈಪ್ ಮಾಡುತ್ತಿದ್ದಳು. ಪಕ್ಕದ ಸ್ಟೂಲಿನಲ್ಲಿ ಒಬ್ಬರು ಮುದುಕರು ಪಹಣಿ ಹಿಡಿದು ಕೂತಿದ್ದರು. ಅವಳು ಆಶಾರಾಣಿಯನ್ನು ನೋಡಿದಳು, ಎಂದಿನಂತೆ ಏಳಲಿಲ್ಲ. "ಕೂಡ್ರಿ" ಎಂದಷ್ಟೇ ಹೇಳಿ ಕೆಲಸ ಮುಂದುವರಿಸಿದಳು. ಮುದುಕರ ಕಾಗದ ಪ್ರಿಂಟಾಗಿ, ಅವರು ಸಹಿ ಎಲ್ಲಿ ಎಂದು ಕೇಳಿ ತಿಳಿದುಕೊಂಡು ಹೋಗುವವರೆಗೂ ಆಶಾರಾಣಿ ಕಾದಳು.

ಆಮೇಲೆ ಖತೀಜಾಬೀ ಕುರ್ಚಿ ಅವಳ ಕಡೆ ತಿರುಗಿಸಿದಳು. "ನಿನ್ನೆ ಪ್ರಶಾಂತ ಸರ್ ಒಂದು ಫೈಲ್ ಕಳಿಸಿದ್ರು. ಪ್ರಶ್ನೆ, ಉತ್ರ. ಬ್ಯಾಡ ಸರ್ ಅಂದೆ. ‘ಆಶಾರಾಣಿ ಮೇಡಂ ಕೂಡ ಒಂದ್ಸಲ ಫೇಲಾಗಿ, ಇದನ್ನ ಓದೇ ಪಾಸಾಗಿದ್ದು’ ಅಂದ್ರು. ಸುಳ್ಳು ಹೇಳ್ತಾರೆ ಅಂತ ಜಗಳ ಮಾಡಿ ಬಂದೆ." ಆಶಾರಾಣಿಯ ಮುಖ ನೋಡಿ ಕೇಳಿದಳು. "ಹೌದೇನ್ರಿ?"

ತಾನೇ ಹೇಳಬೇಕೆಂದು ಬಂದಿದ್ದ ಮಾತು, ಕೇಳಿದ ಮೇಲೆ ಹೇಳಬೇಕಾಗಿ ಬಂತು. ಇನ್ನು ಅದಕ್ಕೆ ಏನೂ ಬೆಲೆಯಿರಲಿಲ್ಲ.

"ಹೌದು" ಎಂದಳು.

ಖತೀಜಾಬೀ ಜೆರಾಕ್ಸ್ ಯಂತ್ರದ ಮೇಲಿದ್ದ ಹಾಳೆಗಳನ್ನು ಜೋಡಿಸಿದಳು, ಮತ್ತೆ ಬಿಟ್ಟಳು. "ನೀವು ಕಾಪಿ ಹೊಡೆದಿದ್ದಕ್ಕೆ ನಾನೇನೂ ಅನ್ನಲ್ಲ. ಅದು ನಿಮ್ಮದು. ಎರಡು ತಿಂಗಳಿಂದ ನಾನು ದಡ್ಡಿ ಅನ್ಕೊಂಡು ಕೂತಿದೀನಲ್ಲ, ‘ನೀವು ದಡ್ಡಿ ಅಲ್ಲ’ ಅಂತಾದ್ರೂ ಒಂದು ಮಾತು ಹೇಳಬೇಕಿತ್ತು. ಮಗಳ ಮುಂದೆ ಕೂತು ಅತ್ತೀನಿ ನಾನು."

ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಬಂದ. ಖತೀಜಾಬೀ ಕುರ್ಚಿಯನ್ನು ಕಂಪ್ಯೂಟರಿನ ಕಡೆ ತಿರುಗಿಸಿಕೊಂಡಳು.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದಳು. ಕಾಂತರಾಜ್ ಕೇಳಿಸಿಕೊಂಡು, "ಇಷ್ಟಕ್ಕಾ? ಎಲ್ರೂ ಮಾಡ್ತಾರೆ ಬಿಡು. ಕೆಲಸ ಮಾಡ್ತಿದೀಯಲ್ಲ. ಅಮ್ಮಂಗೆ ಮಾತ್ರ ಹೇಳಬ್ಯಾಡ" ಎಂದ. ಅವನು ಸಿಟ್ಟಾಗಿದ್ದರೆ ಅಳಬಹುದಿತ್ತು. ಅವನ ಸಮಾಧಾನದಲ್ಲಿ ಅವಳಿಗೆ ಕೂಡಲು ಜಾಗ ಸಿಗಲಿಲ್ಲ.

ಮರುದಿನ ಪ್ರಶಾಂತನ ಬಳಿ ಹೋಗಿ ಫ್ಲೆಕ್ಸ್ ಇಳಿಸಲು ಹೇಳಿದಳು. ಅವನು ಕುರ್ಚಿ ಕೊಟ್ಟು, ಚಹಾ ತರಿಸಿ, ತಾಳ್ಮೆಯಿಂದ ಮಾತಾಡಿದ. "ನಿಮ್ಮನ್ನ ನೋಡಿ ಎಂಟ್ಹತ್ತು ಹೆಣ್ಮಕ್ಕಳು ಸೇರ್ಯಾರೆ ಮೇಡಂ. ಇಳಿಸಿದ್ರೆ ಯಾಕ ಅಂತ ಕೇಳ್ತಾರೆ. ಏನಂತ ಹೇಳ್ಲಿ, ನೀವೇ ಹೇಳ್ರಿ." ಒಳಗಿನ ಕೋಣೆಯಿಂದ ಹೆಂಗಸರ ಮಾತು ಕೇಳುತ್ತಿತ್ತು. ಎದ್ದು ಆ ಕೋಣೆಗೆ ಹೋಗಿ ನಿಜ ಹೇಳಿದ್ದರೆ ಆಗುತ್ತಿತ್ತು. ಬಾಗಿಲವರೆಗೆ ಹೋದಳು. ಅಲ್ಲೊಬ್ಬಳು ಅವಳನ್ನು ಗುರುತಿಸಿ, ಪಕ್ಕದವಳಿಗೆ ತೋರಿಸಿ, ಇಬ್ಬರೂ ನಕ್ಕು ಎದ್ದು ನಿಂತರು. ಆಶಾರಾಣಿ ಅವರಿಗೆ ನಮಸ್ಕಾರ ಮಾಡಿ ಮೆಟ್ಟಿಲಿಳಿದು ಬಂದಳು. ಮುಂದಿನ ತಿಂಗಳು ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಬಂದು ಅವಳ ಮುಖ ಮುಚ್ಚಿಹೋಯಿತು. ಅದರಲ್ಲಿ ಅವಳದೇನೂ ಇರಲಿಲ್ಲ.

ಅವಳಿಂದಾಗಿದ್ದು ಒಂದೇ. ಪ್ರಶಾಂತನಲ್ಲಿಗೆ ಹೋಗಿಬಂದ ವಾರದ ಭಾನುವಾರ ಪುಸ್ತಕ ಹಿಡಿದು ಹರಿಹರಕ್ಕೆ ಹೋದಳು. ಖತೀಜಾಬೀ ಬಾಗಿಲು ತೆರೆದಳು, ಒಳಗೆ ಬನ್ನಿ ಎನ್ನಲಿಲ್ಲ.

"ಕ್ಷಮಿಸ್ರಿ ಅಂತ ಕೇಳೋಕೆ ಬಂದಿಲ್ಲ" ಎಂದಳು ಆಶಾರಾಣಿ. "ಕೆಲಸಕ್ಕೆ ಸೇರಿದ ಮೇಲೆ ಒಂದಿಷ್ಟು ನಿಜವಾಗ್ಲೂ ಕಲ್ತೀನಿ. ಅದನ್ನ ಹೇಳಿಕೊಡ್ತೀನಿ. ಉಳಿದದ್ದು ನಂಗೂ ಬರಲ್ಲ. ಕೂಡಿ ಓದೋಣ. ಬ್ಯಾಡಂದ್ರೆ ಹೋಗ್ತೀನಿ."

ಖತೀಜಾಬೀ ಅವಳ ಕೈಯಲ್ಲಿದ್ದ ಪುಸ್ತಕ ನೋಡಿದಳು. "ಆ ಫೈಲ್ ಇನ್ನೂ ನನ್ನ ಫೋನಲ್ಲೇ ಐತೆ. ತೆಗೆದಿಲ್ಲ. ದಿನಾ ಓದಿಬಿಡೋಣ ಅನ್ಸುತ್ತೆ."

"ಓದಬ್ಯಾಡ್ರಿ ಅನ್ನೋ ಮುಖ ನಂಗಿಲ್ಲ."

"ಅದು ಹೌದು" ಎಂದು ಖತೀಜಾಬೀ ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

ಭಾನುವಾರದ ಮೇಲೆ ಭಾನುವಾರ ಇಬ್ಬರೂ ಓದಿದರು. ಮೊದಲಿನ ಸಲುಗೆ ಬರಲಿಲ್ಲ. ಖತೀಜಾಬೀ ಚಹಾ ಕೊಡುತ್ತಿದ್ದಳು, ಮನೆಯ ಸುದ್ದಿ ಮಾತಾಡುತ್ತಿರಲಿಲ್ಲ. ಪಾಠದ ವಿಷಯ ಬಂದರೆ ಮಾತ್ರ ಬಿಡದೆ ಕೇಳುತ್ತಿದ್ದಳು. ಆಶಾರಾಣಿಗೆ ಗೊತ್ತಿಲ್ಲದ್ದು ಬಂದಾಗ ಇಬ್ಬರೂ ಪುಸ್ತಕ ತಿರುವುತ್ತಿದ್ದರು. ಹೊಸ ವರ್ಷಕ್ಕೆ ಪರೀಕ್ಷೆಯ ಪ್ರಶ್ನೆಗಳೆಲ್ಲ ಬದಲಾಗುತ್ತವೆ ಎಂದು ಸುದ್ದಿ ಬಂತು, ಹಳೆಯ ಫೈಲು ಇನ್ನೇನು ಕೆಲಸಕ್ಕೆ ಬಾರದಂತಾಗುತ್ತದೆ. ಖತೀಜಾಬೀ ಆ ಬದಲಾವಣೆಗೆ ಮೊದಲೇ ತಾರೀಖು ತೆಗೆದುಕೊಂಡಳು. ಆಶಾರಾಣಿ ಬದಲಾದ ಮೇಲಿನ ತಾರೀಖು ತೆಗೆದುಕೊಂಡಳು. ಸರ್ಟಿಫಿಕೇಟ್ ಇದ್ದವಳು ಮತ್ತೆ ಯಾಕೆ ಬರೆಯುತ್ತಾಳೆ ಎಂದು ಅರ್ಜಿ ತುಂಬಿದ ಹುಡುಗ ಕೇಳಿದ. ಸುಮ್ಮನೆ, ಎಂದಳು.

ಖತೀಜಾಬೀಯ ಪರೀಕ್ಷೆಯ ದಿನ ಆಶಾರಾಣಿ ಸೆಂಟರಿನ ಹೊರಗೆ ನಿಂತು ಕಾದಳು. ಸಮಯ ಪೂರ್ತಿ ಮುಗಿದ ಮೇಲೆ ಅವಳು ಬೆವರೊರೆಸಿಕೊಳ್ಳುತ್ತಾ ಬಂದಳು. "ಆಯ್ತು. ಅಂಚಿನಲ್ಲಿ ಆಯ್ತು, ಆದ್ರೂ ಆಯ್ತು."

ಆಶಾರಾಣಿಯ ಬಾಯಿಗೆ ಬಂದ ಪ್ರಶ್ನೆ ಒಂದೇ. ಅದನ್ನು ಕೇಳುವ ಯೋಗ್ಯತೆ ತನಗಿಲ್ಲವೆಂದು ನುಂಗಿಕೊಂಡಳು. ಖತೀಜಾಬೀ ಅವಳ ಮುಖ ನೋಡಿ ತಾನಾಗಿಯೇ ಹೇಳಿದಳು. "ಆ ಫೈಲ್ ಓದಲಿಲ್ಲ. ನಿನ್ನೆ ತೆಗೆದು ಹಾಕಿದೆ." ಅನುಮಾನಪಟ್ಟಿದ್ದಕ್ಕೆ ಆಶಾರಾಣಿಯ ಕಿವಿಯವರೆಗೂ ಬಿಸಿಯಾಯಿತು.

ಮೂರು ವಾರದ ಮೇಲೆ ಅವಳು ತಾನೂ ಬರೆದಳು. ಹೊಸ ಪ್ರಶ್ನೆಗಳು, ಒಂದೂ ಗುರುತಿನದಲ್ಲ. ಕೊನೆಯವರೆಗೂ ಕೂತು, ಯೋಚಿಸಿ, ತಿದ್ದಿ ಬರೆದಳು. ಸ್ವಲ್ಪದರಲ್ಲಿ ಫೇಲಾದಳು.

ಮನೆಯಲ್ಲಿ ನಾಗರತ್ನಮ್ಮ ಹಜಾರದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. "ಎಲ್ಲಿಗೆ ಹೋಗಿದ್ದೆ, ಇವತ್ತು ರಜಾ ಅಲ್ವಾ?"

"ಪರೀಕ್ಷೆ ಬರೆಯೋಕೆ. ಫೇಲಾದೆ ಅತ್ತೆ."

"ಯಾವ ಪರೀಕ್ಷೆ? ಅದು ಆಗ್ಲೇ ಪಾಸಾಗಿದ್ಯಲ್ಲ."

ಆಶಾರಾಣಿ ಅತ್ತೆಯ ಎದುರಿಗೆ ನೆಲದ ಮೇಲೆ ಕೂತಳು. "ಆಗ ಉತ್ರ ಮೊದ್ಲೇ ಗೊತ್ತಿತ್ತು. ಯಾರೋ ಕದ್ದು ತಂದಿದ್ದು. ಅದನ್ನ ಬಾಯಿಪಾಠ ಮಾಡಿ ಬರೆದಿದ್ದೆ. ಅದಕ್ಕೂ ಮೊದ್ಲು ಒಂದ್ಸಲ ಫೇಲಾಗಿದ್ದೆ, ನಿಮಗೆ ಸುಳ್ಳು ಹೇಳಿದ್ದೆ."

ನಾಗರತ್ನಮ್ಮನ ಕೈ ನಿಂತಿತು. ಬೈಯುತ್ತಾಳೆ ಎಂದು ಆಶಾರಾಣಿ ಕಾದಳು. ಮುದುಕಿ ಬೈಯಲಿಲ್ಲ. "ಎಲ್ಲಾರ್ನೂ ಕರ್ಕೊಂಡು ಹೋಗಿ ತೋರಿಸಿದ್ನಲ್ಲೇ ನಾನು" ಎಂದಷ್ಟೇ ಅಂದು ಮತ್ತೆ ಸುಲಿಯತೊಡಗಿದಳು. ಆ ಸಂಜೆ ಕಟ್ಟೆಯ ಗೆಳತಿಯರು ಕರೆದರೂ, ಮಂಡಿನೋವು ಎಂದು ಒಳಗೇ ಉಳಿದಳು. ಮರುದಿನವೂ ಹೋಗಲಿಲ್ಲ. ಆಶಾರಾಣಿ ಆಫೀಸಿನವರಿಗೆ ಇನ್ನೂ ಹೇಳಿರಲಿಲ್ಲ. ಅದನ್ನು ಹೇಳುವ ದಿನವೂ ಬರಬೇಕಿತ್ತು, ಆ ದಿನ ಏನಾದೀತೋ ಅವಳಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಖತೀಜಾಬೀಗೆ ಹರಿಹರದಲ್ಲೇ ಒಂದು ಆಸ್ಪತ್ರೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಸೇರುವ ಹಿಂದಿನ ದಿನ ಫೋನ್ ಮಾಡಿ ವಿಷಯ ತಿಳಿಸಿದಳು. "ನಿಮ್ಮದೇನಾಯ್ತು?" ಎಂದು ಕೇಳಿದಳು.

"ಆಗ್ಲಿಲ್ಲ. ಸ್ವಲ್ಪದ್ರಲ್ಲಿ ಹೋಯ್ತು."

ಆ ಕಡೆಯಿಂದ ಸಮಾಧಾನದ ಮಾತು ಬರಲಿಲ್ಲ. "ಇನ್ನು ನಂಗೆ ಭಾನುವಾರ ಡ್ಯೂಟಿ ಇರುತ್ತೆ" ಎಂದಳು ಖತೀಜಾಬೀ. "ಗುರುವಾರ ಸಂಜೆ ಬರ್ರಿ. ಪುಸ್ತಕ ತರ್ರಿ."

"ಬರ್ತೀನಿ" ಎಂದಳು ಆಶಾರಾಣಿ.